ಎದುರು ಮನೆಯ ಫ್ರಿಜ್ಜಿನಲ್ಲಿ ನನ್ನ ಹೂರಣ

ನಾಚಿಕೆ ಸ್ವಭಾವದವರು ಸುಳ್ಳು ಹೇಳುವುದಿಲ್ಲ ಎಂದು ಜನ ನಂಬಿದ್ದಾರೆ. ನಂಬಲಿ. ಬಾಯಿಯೇ ಬಿಡದವರು ಸುಳ್ಳು ಹೇಳುವುದಾದರೂ ಹೇಗೆ? ಆದರೆ ಮಕ್ಕಳೇ, ಬಾಯಿ ಮುಚ್ಚಿಕೊಂಡೇ ಎಷ್ಟು ಕಿತಾಪತಿ ಮಾಡಬಹುದು ಎಂಬುದನ್ನು ನಿಮ್ಮ ಅಜ್ಜಿಯಿಂದ ಕಲಿಯಬೇಕು. ನಮ್ಮೂರ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ನಾನು ಕಂಬದ ಮರೆಗೆ ಸರಿಯುತ್ತಿದ್ದೆ. ಮಾಸ್ತರರು ನನ್ನನ್ನು ದಡ್ಡಿ ಎಂದುಕೊಂಡರು, ಊರಿನವರು ಬಹಳ ಒಳ್ಳೆಯ ಹುಡುಗಿ ಎಂದುಕೊಂಡರು. ಇಬ್ಬರೂ ಪೂರ್ತಿ ಸರಿಯಿರಲಿಲ್ಲ. ಮದುವೆಯಾಗಿ ನಿಮ್ಮ ಅಜ್ಜನ ನೌಕರಿಯ ಹಿಂದೆ ಹೈದರಾಬಾದಿಗೆ ಬಂದಾಗ ಆ ಕಂಬವೂ ನನ್ನ ಜೊತೆಗೇ ಬಂತು ಎನ್ನಿ.

ಕಳೆದ ಯುಗಾದಿಗೆ ಮೊದಲು ನಿಮ್ಮ ಅಮ್ಮ ಒಂದು ಘೋಷಣೆ ಮಾಡಿದಳು. "ಅತ್ತೀ, ಈ ಸಲ ಟೆನ್ಶನ್ ಇಲ್ಲದ ಹಬ್ಬ ಮಾಡೂಣ್ರಿ. ಹೋಳಿಗಿ, ಚಿತ್ರಾನ್ನ, ಎಲ್ಲಾ ಮೊದಲ ಆರ್ಡರ್ ಮಾಡೇನಿ. ನೀವು ದಿನಾ ಒಲಿ ಮುಂದ ನಿಂತು, ಹಬ್ಬದ ದಿನ ಮೊಣಕಾಲು ಹಿಡಕೊಂಡು ಕುಂದ್ರಬ್ಯಾಡ್ರಿ."

ನಾನು ತಲೆಯಾಡಿಸಿದೆ. ಅವಳ ಮಾತಿನಲ್ಲಿ ತಪ್ಪೇನಿತ್ತು? ನಿಜಕ್ಕೂ ನನ್ನ ಮೊಣಕಾಲಿನ ಮೇಲೆ ಆ ಹುಡುಗಿಗೆ ನನಗಿಂತ ಹೆಚ್ಚು ಕನಿಕರ. ಆದರೆ ನನಗೊಂದು ಭಯ ಹೊಕ್ಕಿತು. ಅಂಗಡಿಯ ಹೋಳಿಗೆ ಒಂದು ಸಲ ಮನೆಯವರಿಗೆ ರುಚಿಸಿಬಿಟ್ಟರೆ ನನ್ನ ಹೋಳಿಗೆಯನ್ನು ಮತ್ತೆ ಕೇಳುವವರಾರು? ಹಬ್ಬದ ಕೆಲಸಗಳಲ್ಲಿ ಕಡುಬು ಆಗಲೇ ನನ್ನ ಕೈ ಬಿಟ್ಟಿತ್ತು, ರಂಗೋಲಿ ಸ್ಟಿಕ್ಕರ್ ಆಗಿತ್ತು. ಹೋಳಿಗೆಯೂ ಹೋದರೆ ಉಳಿಯುವುದು ಹೊಸ ಸೀರೆ ಉಟ್ಟು ಸೋಫಾದ ಮೇಲೆ ಕೂರುವ ಕೆಲಸ. ಅದನ್ನು ಯಾರು ಬೇಕಾದರೂ ಮಾಡಬಹುದು.

ಹಾಗಾಗಿ ನಾನೂ ಟೆನ್ಶನ್ ಇಲ್ಲದ ಹಬ್ಬಕ್ಕೆ ಮುಂಚಿತವಾಗಿಯೇ ತಯಾರಿ ನಡೆಸಿದೆ, ಗುಟ್ಟಾಗಿ. ಹೂರಣ ಮೊದಲೇ ಮಾಡಿಟ್ಟರೆ ಹಬ್ಬದ ದಿನ ಕಣಕ ಕಲಸಿ, ತುಂಬಿ, ಲಟ್ಟಿಸಿದರೆ ಆಯಿತು. ಅಂಗಡಿಯ ಡಬ್ಬಿ ಬಿಚ್ಚುವಷ್ಟರಲ್ಲಿ ನನ್ನ ಬಿಸಿ ಹೋಳಿಗೆ ತಟ್ಟೆಗೆ ಬಿದ್ದಿರುತ್ತದೆ. ನೀವು ಶಾಲೆಗೆ, ನಿಮ್ಮ ಅಪ್ಪ ಅಮ್ಮ ಆಫೀಸಿಗೆ ಹೋದ ಮೇಲೆ ಬೇಳೆ ಕುದಿಸಿದೆ. ಬೇಗಂ ಬಜಾರಿನ ಬೆಲ್ಲ ಹಾಕಿ ರುಬ್ಬಿದೆ. ವಾಸನೆ ಅಡಗಿಸಲು ಊದುಬತ್ತಿ ಹಚ್ಚಿದೆ. ಉಳಿದದ್ದು ಬೇಳೆ ಬಸಿದ ಕಟ್ಟು. ಅದನ್ನು ಚೆಲ್ಲಲು ನನ್ನ ಕೈ ಬರಲಿಲ್ಲ, ಸಾರು ಮಾಡಿದೆ. ಸಂಜೆ ನಿಮ್ಮ ಅಪ್ಪ ಉಣ್ಣುತ್ತ ತಲೆ ಎತ್ತಿದ. "ಯವ್ವಾ, ಸಾರು ಹಬ್ಬದ ಸಾರಿನಂಗ ಐತಲ್ಲ?"

"ಹಬ್ಬ ಹತ್ರ ಬಂತಲ್ಲೋ," ಎಂದೆ. ಅವನು ಇನ್ನೊಂದು ಸೌಟು ಹಾಕಿಸಿಕೊಂಡ. ಗಂಡಸರಿಗೆ ಅಷ್ಟು ವಿವರಣೆ ಸಾಕು.

ಆದರೆ ಹೂರಣ ಇಡುವುದೆಲ್ಲಿ? ನಮ್ಮ ಫ್ರೀಜರಿನ ಬಾಗಿಲನ್ನು ನೀವಿಬ್ಬರೂ ಐಸ್‌ಕ್ರೀಮಿಗಾಗಿ ಎಷ್ಟು ಸಲ ತೆರೆಯುತ್ತೀರೆಂದು ನನಗೆ ಗೊತ್ತು. ಅದಕ್ಕೇ ಸಾರು ಬಡಿಸುವ ಮೊದಲೇ, ಇನ್ನೂ ಯಾರೂ ಮನೆಗೆ ಬಂದಿಲ್ಲದಾಗ, ಹೂರಣವನ್ನು ಸ್ಟೀಲ್ ಡಬ್ಬಿಗೆ ತುಂಬಿ ಎದುರು ಫ್ಲ್ಯಾಟಿನ ಪದ್ಮಜಾಳ ಬಾಗಿಲು ತಟ್ಟಿದ್ದೆ. ಕೂಕಟ್‌ಪಲ್ಲಿಯ ಈ ಕಟ್ಟಡದಲ್ಲಿ ನನ್ನ ತೊದಲು ತೆಲುಗನ್ನು ನಗದೇ ಕೇಳುವವಳು ಅವಳೊಬ್ಬಳು. ಹಬ್ಬದವರೆಗೆ ನಿನ್ನ ಫ್ರಿಜ್ಜಿನಲ್ಲಿಟ್ಟುಕೋ ಎನ್ನಬೇಕೆಂದು ದಾರಿಯುದ್ದಕ್ಕೂ, ಅಂದರೆ ಲಿಫ್ಟಿನ ಈ ಕಡೆಯಿಂದ ಆ ಕಡೆಯವರೆಗೆ, ಬಾಯಿಪಾಠ ಮಾಡಿದೆ. ಬಾಗಿಲು ತೆರೆದಾಗ ಅವಳ ಕಿವಿಯಲ್ಲಿ ಫೋನಿತ್ತು, ಒಳಗೆ ಯಾರೋ ನೆಂಟರಿದ್ದರು. ನನ್ನ ನಾಲಿಗೆ ಅಂಟಿಕೊಂಡಿತು. ಡಬ್ಬಿ ಅವಳ ಕೈಗಿತ್ತು, ನಕ್ಕು, ಓಡಿಬಂದೆ. ಹಬ್ಬದ ವಾರದಲ್ಲಿ ಮುಚ್ಚಿದ ಡಬ್ಬಿಯೊಂದನ್ನು ನಗುನಗುತ್ತ ಕೈಗಿತ್ತರೆ ಯಾವ ಹೆಂಗಸಾದರೂ ಏನು ತಿಳಿಯಬೇಕು? ನಾಳೆ ಹೇಳಿದರಾಯಿತು ಎಂದು ನಾಲ್ಕು ನಾಳೆ ಕಳೆದೆ.

ಹಬ್ಬದ ಹಿಂದಿನ ದಿನ ಡಬ್ಬಿ ತರಲು ಹೋದೆ. ಪದ್ಮಜಾ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಮ್ಮಾ, ಮೀ ಪೂರ್ಣಂ ಚಾಲಾ ಬಾಗುಂದಿ. ಮಾ ಆಯನ ಸ್ಪೂನ್‌ತೋನೇ ಸಗಂ ತಿನೇಶಾರು." ಅವಳ ಗಂಡ ನನ್ನ ಹೂರಣವನ್ನು ಚಮಚದಲ್ಲೇ ಅರ್ಧ ಮುಗಿಸಿದ್ದನಂತೆ. ಉಳಿದರ್ಧದಲ್ಲಿ ನಾಳೆ ಭಕ್ಷಾಲು ಮಾಡುತ್ತಾಳಂತೆ. ನಮ್ಮ ಹೋಳಿಗೆಗೆ ಅವರ ಹೆಸರು ಅದು. ವಾಪಸು ಕೊಡು ಎನ್ನುವ ತೆಲುಗು ನನಗೆ ಬರುತ್ತದೆ. ಹಾಗೆನ್ನುವ ಮುಖ ಮಾತ್ರ ಇಲ್ಲ. ಅವಳು ಕೊಟ್ಟ ಚಹಾ ಕುಡಿದು ಬಂದೆ.

ಹಬ್ಬದ ದಿನ ಅಂಗಡಿಯ ಹೋಳಿಗೆ ಬಂತು. ನೀವೇ ಅದನ್ನು ಹಪ್ಪಳದಂತೆ ಮುರಿದು ಸದ್ದು ಕೇಳಿ ನಕ್ಕಿರಲ್ಲ, ನೆನಪಿದೆಯೇ? ಅಷ್ಟರಲ್ಲಿ ಪದ್ಮಜಾ ಬಂದಳು. ಕೊಟ್ಟ ಡಬ್ಬಿಯನ್ನು ಬರಿದಾಗಿ ಮರಳಿಸುವ ಪೈಕಿಯಲ್ಲ ಅವಳು. ಅದರ ತುಂಬ ಬಿಸಿ ಭಕ್ಷಾಲು. ನಿಮ್ಮ ಅಮ್ಮ ಹೊಗಳಿದಾಗ ಆ ಪುಣ್ಯಾತ್ಗಿತ್ತಿ ನನ್ನ ಕಡೆ ಕೈ ತೋರಿಸಿ, "ಅಂತಾ ಅಮ್ಮಗಾರಿದೇ. ಪಿಂಡಿ ಕಲಪಡಂ ಒಕ್ಕಟೇ ನಾ ಪನಿ," ಎಂದಳು. ಎಲ್ಲ ಅಮ್ಮನವರದೇ, ಹಿಟ್ಟು ಕಲಸಿದ್ದಷ್ಟೇ ನಾನು ಎಂದು. ಅವಳು ಹೋದ ಮೇಲೆ ನಿಮ್ಮ ಅಮ್ಮ ಬಾಗಿಲು ಮುಚ್ಚಿ, "ಎಷ್ಟು ವಿನಯ ನೋಡ್ರಿ ಅತ್ತೀ. ತಾನು ಮಾಡಿ ಹೆಸರು ಹಿರಿಯಾರಿಗೆ ಕೊಡ್ತಾಳ," ಎಂದಳು.

ತಟ್ಟೆಗಳು ಖಾಲಿಯಾಗತೊಡಗಿದವು. ನೀವು ಎರಡೆರಡು ತಿಂದಿರಿ. ನಿಮ್ಮ ಅಪ್ಪ ಕಣ್ಣು ಮುಚ್ಚಿಕೊಂಡು, "ಪದ್ಮಜಾ ಅವರ ಕೈ ಭಾಳ ಛಲೋ ಐತಿ," ಎಂದ. ಅದನ್ನು ನನಗೆ ತಡೆಯಲಾಗಲಿಲ್ಲ.

"ಏಲಕ್ಕಿ ಹೆಚ್ಚಾಗೈತಿ," ಎಂದೆ. "ಬೆಲ್ಲಾನೂ ಕಡಿಮಿ. ಬ್ಯಾಳಿ ಇನ್ನೊಂದೀಟು ನುಣ್ಣಗ ಆಗಬೇಕಿತ್ತು."

"ಹಬ್ಬದ ದಿನ ಮಂದಿ ಕೈರುಚಿಗೆ ಹೆಸರಿಡ್ತಿಯೇನವಾ?" ಎಂದ ನಿಮ್ಮ ಅಪ್ಪ.

ನಿಮ್ಮ ಅಮ್ಮ ನನ್ನ ಮುಖ ನೋಡಿದಳು. ಏನು ಕಂಡಳೋ, ಪಕ್ಕಕ್ಕೆ ಬಂದು ಕುಳಿತಳು. "ಸುಮ್ನಿರ್ರಿ ನೀವು. ಅತ್ತಿ ಹೇಳೂದು ಖರೇನ ಐತಿ. ಅವರ ಹೂರಣದ ಮುಂದ ಇದೇನೂ ಅಲ್ಲ. ಮುಂದಿನ ಹಬ್ಬಕ್ಕ ಆರ್ಡರ್ ಗೀರ್ಡರ್ ಬ್ಯಾಡ, ನೀವ ಮಾಡ್ರಿ ಅತ್ತೀ. ನಾ ಲಟ್ಟಸ್ತೀನಿ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ನನ್ನ ಹೂರಣದ ಮುಂದೆ ನನ್ನ ಹೂರಣ ಏನೂ ಅಲ್ಲ ಎಂದು ಕೇಳಿ ಎಷ್ಟು ಸಂತೋಷವಾಯಿತೆಂದರೆ, ನಾನು ತಲೆ ತಗ್ಗಿಸಿ ತಟ್ಟೆ ಮುಂದೆ ಸರಿಸಿ ಇನ್ನೊಂದು ಹಾಕಿಸಿಕೊಂಡೆ, ತುಪ್ಪ ಸ್ವಲ್ಪ ಹೆಚ್ಚೇ.