ಸಮಯಪಾಲನೆಯ ಭಾಷಣ

ನನ್ನದೇನೂ ತಪ್ಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಂಡತಿ ನಿಮಗೆ ಬೇರೆಯೇ ಕಥೆ ಹೇಳಿರುತ್ತಾಳೆ.

ಮೂವತ್ತೊಂದು ವರ್ಷದಿಂದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಊರಿನವರ ಕೈಗಡಿಯಾರ ರಿಪೇರಿ ಮಾಡುತ್ತಾ ಬಂದವನು ನಾನು. ಪಕ್ಕದ ದೇಶದ ಗಡಿಯಾರ ರಿಪೇರಿಯವರ ಸಂಘ ನನಗೆ ಸನ್ಮಾನ ಮಾಡುತ್ತೇವೆ, ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬಂದು ‘ಸಮಯಪಾಲನೆ’ ಕುರಿತು ಮಾತಾಡಿ ಎಂದು ಕರೆಯಿತು. ಜೀವಮಾನಕ್ಕೆಲ್ಲ ಒಂದೇ ಸನ್ಮಾನ. ಎರಡು ವಾರ ಬಚ್ಚಲಿನಲ್ಲಿ ನಿಂತು ಭಾಷಣ ಬಾಯಿಪಾಠ ಮಾಡಿದೆ. (ಹೊರಗೆ ಬಟ್ಟೆ ಮಡಿಸುತ್ತಿದ್ದ ಹೆಂಡತಿಗೂ ಅದು ಬಾಯಿಪಾಠವಾಗಿತ್ತೆಂದು ಆಮೇಲೆ ತಿಳಿಯಿತು.)

ನಮ್ಮಿಬ್ಬರಿಗೂ ಟಿಕೆಟ್ ಬಂತು. ವಿಮಾನ ಹೊರಡುವುದು ಹತ್ತಕ್ಕೆ, ತಲುಪುವುದು ಹನ್ನೆರಡೂ ಐದಕ್ಕೆ. ಮಗಳ ಅಟ್ಲಾಸಿನ ಮೇಲೆ ದಾರ ಇಟ್ಟು ಅಳೆದೆ. ಏಳುನೂರು ಕಿಲೋಮೀಟರು.

“ಏಳ್ನೂರಕ್ಕೆ ಎರಡು ಗಂಟೆ ಐದು ನಿಮಿಷ ಯಾಕೆ? ದಾರೀಲಿ ನೆಂಟರ ಮನೆಗೆ ಹೋಗಿ ಬರ್ತಾರಾ?”

“ಹಾರೋದು ಒಂದು ಗಂಟೆ ಐದು ನಿಮಿಷಾನೇ ರೀ. ಅಲ್ಲಿ ಟೈಮು ನಮಗಿಂತ ಒಂದು ಗಂಟೆ ಮುಂದೆ.”

“ಒಂದು ಗಂಟೆ ಮುಂದೆ ಹೋಗೋ ಗಡಿಯಾರಕ್ಕೆ ಕಾಯಿಲೆ ಅಂತಾರೆ. ನನ್ನ ಹತ್ರ ಕಳಿಸೋಕೆ ಹೇಳು.”

ವಿಮಾನ ಇಳಿದಾಗ ನನ್ನ ವಾಚಿನಲ್ಲಿ ಹನ್ನೊಂದೂ ಐದು. ಹೆಂಡತಿಯ ಫೋನಿನಲ್ಲಿ ಹನ್ನೆರಡೂ ಐದು.

“ಇಲ್ಲೀ ಟೈಮು ಇದೇ ರೀ. ಫೋನು ತಾನೇ ಬದಲಾಯಿಸಿಕೊಂಡಿದೆ, ನೋಡಿ.”

“ಅದಕ್ಕೆ ಮಾನ ಮರ್ಯಾದೆ ಇಲ್ಲ. ಹೋದ ಊರಲ್ಲೆಲ್ಲ ತಲೆ ಬಾಗಿಸುತ್ತೆ. ಮೂವತ್ತೊಂದು ವರ್ಷ ಒಂದು ಸೆಕೆಂಡೂ ತಪ್ಪದ ವಾಚು ಇದು. ಇದರ ಮುಳ್ಳು ತಿರುಗಿಸೋದು ನನಗೆ ಅವಮಾನ.”

“ಹಾಗಾದ್ರೆ ನಾನು ಹೊರಟೆ. ನೀವು ನಿಮ್ಮ ಟೈಮಿಗೆ ಬನ್ನಿ,” ಎಂದು ಟ್ಯಾಕ್ಸಿ ಹತ್ತಿ ಹೋಗಿಯೇಬಿಟ್ಟಳು.

ಹೋಗಲಿ ಎಂದುಕೊಂಡೆ. ವಿಮಾನ ನಿಲ್ದಾಣದಲ್ಲೇ ಕಾಲು ಚಾಚಿ ಎರಡು ಕಾಫಿ ಕುಡಿದೆ, ಭಾಷಣವನ್ನು ಇನ್ನೊಮ್ಮೆ ಮೆಲುಕು ಹಾಕಿದೆ. ನನ್ನ ವಾಚಿನಲ್ಲಿ ಒಂದಕ್ಕೆ ಐದು ನಿಮಿಷ ಇರುವಾಗ, ಎದೆಯುಬ್ಬಿಸಿ ಸಭಾಂಗಣದೊಳಗೆ ಕಾಲಿಟ್ಟೆ.

ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

ಕಾರ್ಯದರ್ಶಿ ಓಡಿಬಂದು ಕೈ ಕುಲುಕಿದರು. “ನೀವು ಬರದಿದ್ರೂ ಕಾರ್ಯಕ್ರಮ ಚೆನ್ನಾಗಾಯ್ತು ಸಾರ್. ನಿಮ್ಮ ಮನೆಯವರೇ ಭಾಷಣ ಮಾಡಿದ್ರು. ಒಂದಕ್ಕೆ ಸರಿಯಾಗಿ ಶುರು, ಒಂದೂವರೆಗೆ ಸರಿಯಾಗಿ ಮುಕ್ತಾಯ. ಸಮಯಪಾಲನೆ ಅಂದ್ರೆ ಅದು.”

ನನಗೆ ಅಳುವೇ ಬಂತು, ಸುಳ್ಳು ಹೇಳುವುದಿಲ್ಲ. ಒಂದೊಂದು ಪದವೂ ನನ್ನದು. ಚಪ್ಪಾಳೆ ಮಾತ್ರ ಅವಳದು. ಸನ್ಮಾನಕ್ಕೆಂದು ಕೊಟ್ಟ ದೊಡ್ಡ ಗೋಡೆ ಗಡಿಯಾರವೂ ಅವಳ ತೋಳಿನಲ್ಲಿತ್ತು, ಅಲ್ಲಿನ ಟೈಮನ್ನೇ ತೋರಿಸುತ್ತಾ.

ಅದೀಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ, ಒಂದು ಗಂಟೆ ಮುಂದೆ. ಬಂದ ದಿನವೇ ಸರಿಮಾಡಲು ಸ್ಟೂಲು ಹತ್ತಿದ್ದೆ.

“ಇಳೀರಿ. ಮುಳ್ಳು ತಿರುಗಿಸೋದು ಅವಮಾನ ಅಂದೋರು ಯಾರು?” ಎಂದಳು.

ಇಳಿದೆ. ಆಡಿದ ಮಾತಿಗೆ ತಪ್ಪುವವನಲ್ಲ ನಾನು. ಆರಕ್ಕೆ ಏಳುತ್ತಿದ್ದವನನ್ನು ಅಂದಿನಿಂದ ಅವಳ ಆರು ಗಂಟೆಗೆ, ಅಂದರೆ ನನ್ನ ಐದಕ್ಕೆ, ಎಬ್ಬಿಸುತ್ತಿದ್ದಾಳೆ. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಅಂಗಡಿಯ ಬಾಗಿಲು ತೆಗೆಯುವವನು ಈಗ ನಾನೇ. ಎದುರಿನ ದರ್ಜಿ ದಿನಾ ಕೇಳುತ್ತಾನೆ, “ಏನ್ ಯಜಮಾನ್ರೇ, ವಾಚು ಕೆಟ್ಟಿದೆಯಾ?”

ನಾನು ತಲೆ ಎತ್ತಿಯೇ ಹೇಳುತ್ತೇನೆ: “ವಾಚು ಸರಿಯಾಗೇ ಇದೆಯಪ್ಪ. ನನ್ನ ಟೈಮೇ ಸರಿಯಿಲ್ಲ.”