ಕೆಸರುಗದ್ದೆಯಲ್ಲಿ ನಮ್ಮ ಅತ್ತೆಯನ್ನು ಮಸುಕಾಗಿಸಿದ ಆಟೋ ಮೋಡ್‌ಗೆ

ನನ್ನ ಕ್ಯಾಮೆರಾದ ನೆತ್ತಿಯ ಮೇಲೆ ಹಸಿರು ಅಕ್ಷರಗಳಲ್ಲಿ ವಿರಾಜಮಾನರಾಗಿರುವ ಮಾನ್ಯ ಆಟೋ ಮೋಡ್ ಅವರೇ,

ಸುಂಟಿಕೊಪ್ಪದಲ್ಲಿ ಮದುವೆ, ನಾಮಕರಣಗಳ ವಿಡಿಯೋ ತೆಗೆಯುವ ಸುಧಾ ಎಂಬ ನಾನು ತಮಗೆ ಕೈಮುಗಿದು ಬರೆದುಕೊಳ್ಳುವುದೇನೆಂದರೆ, ಮಂಟಪದಲ್ಲಿ ಅಲ್ಲಾಡದೆ ಕೂತ ವಧೂವರರನ್ನು ತಾವು ಇಷ್ಟು ವರ್ಷ ಚೆಂದಗಾಣಿಸಿದ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಕಳೆದ ಭಾನುವಾರ ಗಾಳಿಬೀಡಿನ ಕೆಸರುಗದ್ದೆ ಓಟದಲ್ಲಿ ತಾವು ಮೆರೆದ ಕಲಾಪ್ರತಿಭೆಯನ್ನು ಬಹಿರಂಗವಾಗಿ ಕೊಂಡಾಡದಿದ್ದರೆ ತಪ್ಪಾದೀತು.

ಹೆಂಗಸರ ಓಟದಲ್ಲಿ ನಮ್ಮ ಅತ್ತೆ ವಿಮಲಮ್ಮನವರೂ ಪಕ್ಕದ ತೋಟದ ತಂಗಮ್ಮನವರೂ ಮೊಣಕಾಲುದ್ದ ಕೆಸರಿನಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಓಡುತ್ತಿದ್ದರು. ನಾನು ತಮ್ಮನ್ನು ಕೈಯಲ್ಲಿ ಹಿಡಿದು ಬದುವಿನ ಮೇಲೆ ಅವರ ಜೊತೆಜೊತೆಗೆ ಓಡುತ್ತಿದ್ದೆ. ಅತ್ತೆ ಮೊದಲು ಗೆರೆ ದಾಟಿದರು. ತಂಗಮ್ಮನವರು ಮುಖದ ಕೆಸರನ್ನೂ ಒರೆಸಿಕೊಳ್ಳದೆ, "ನನ್ನ ಸೆರಗು ಹಿಡಿದು ಎಳೆದಳು ಮೇಷ್ಟ್ರೇ!" ಎಂದು ತೀರ್ಪುಗಾರರಾದ ನಾಗೇಶ್ವರ ಮೇಷ್ಟ್ರಿಗೆ ದೂರಿತ್ತರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ನಾನ್ಯಾಕೆ ಎಳೀಲಿ? ನಮ್ಮ ಸುಧಾ ಎಲ್ಲ ತೆಗೆದಿದ್ದಾಳೆ, ನೋಡ್ಕೊಳ್ಳಿ" ಎಂದರು.

ನೋಡಿದೆವು. ಮೋಡ ಕವಿದು ಬೆಳಕು ಸಾಲದೆಂದು ತಾವು ದಯಮಾಡಿ ಶಟರನ್ನು ಎಷ್ಟು ನಿಧಾನಗೊಳಿಸಿದ್ದಿರೆಂದರೆ, ಇಬ್ಬರು ಹೆಂಗಸರೂ ಕಲಸಿಕೊಂಡು ಒಂದೇ ಕಂದು ಮುದ್ದೆಯಾಗಿ, ಅದಕ್ಕೆ ಲೆಕ್ಕವಿಲ್ಲದಷ್ಟು ಕಾಲುಗಳು ಮೂಡಿದ್ದವು. ಫೋಕಸ್ಸನ್ನಂತೂ ದೂರದಲ್ಲಿ ಬೋಂಡಾ ತಿನ್ನುತ್ತಿದ್ದ ಮುಖ್ಯ ಅತಿಥಿಗಳ ಮೇಲೆ ಭಕ್ತಿಯಿಂದ ನೆಟ್ಟಿದ್ದಿರಿ; ಬೋಂಡಾದೊಳಗಿನ ಆಲೂಗಡ್ಡೆಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಷ್ಟ್ರು ಕನ್ನಡಕ ಒರೆಸಿ ಒರೆಸಿ ಸೋತು, ಇಬ್ಬರೂ ಊಟವಾದ ಮೇಲೆ ಮತ್ತೊಮ್ಮೆ ಓಡಬೇಕೆಂದು ತೀರ್ಪು ಕೊಟ್ಟರು.

"ನಿನ್ನ ಕ್ಯಾಮೆರಾ ನೆಟ್ಟಗಿದ್ದಿದ್ರೆ ನನ್ನ ಮರ್ಯಾದೆ ಹೋಗ್ತಿರಲಿಲ್ಲ ಕಣೇ. ಈ ಸಲ ಒಂದು ಚೂರೂ ಬಿಡದೆ ತೆಗಿ" ಎಂದು ಅತ್ತೆ ಗದರಿದರು. ಸೊಸೆಯಾದವಳು ಇನ್ನೇನು ಮಾಡಲಿ? ತಮ್ಮನ್ನು ಬದಿಗೆ ಸರಿಸಿ, ಎಲ್ಲವನ್ನೂ ನಾನೇ ಹೊಂದಿಸುವ ಮ್ಯಾನ್ಯುವಲ್‌ಗೆ ಬಂದೆ. ಶಟರನ್ನು ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ ಏರಿಸಿ, ಅದರಿಂದ ಕತ್ತಲಾಗಿದ್ದಕ್ಕೆ ಚಿತ್ರವನ್ನು ಬೆಳಗಿಸುವ ಐಎಸ್‌ಒ ಹೆಚ್ಚಿಸಿ, ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಂಡರೂ ಕಾಣಲಿ ಎಂದು ಒಪ್ಪಿಕೊಂಡೆ. ಕೈನಡುಕ ಎದ್ದು ಕಾಣದಿರಲೆಂದು ವೈಡ್ ಲೆನ್ಸ್ ಹಾಕಿ, ಫೋಕಸ್ಸನ್ನು ಗದ್ದೆಯ ನಡುವಿಗೆ ಕಟ್ಟಿಹಾಕಿ, ಮೊಣಕೈಗಳನ್ನು ಪಕ್ಕೆಗೆ ಅವುಚಿಕೊಂಡು ಓಡಿದೆ.

ಅತ್ತೆ ಮತ್ತೆ ಗೆದ್ದರು. ವಿಡಿಯೋ ಕಣ್ಣಿಗೆ ಹಬ್ಬವಾಗಿ ಬಂತು. ಗಾಳಿಯಲ್ಲಿ ನಿಂತ ಒಂದೊಂದು ಕೆಸರಿನ ಹನಿ, ಅತ್ತೆಯ ಮೂಗುತಿ, ಅತ್ತೆಯ ಎಡಗೈ, ಆ ಕೈಯಲ್ಲಿ ತಂಗಮ್ಮನವರ ಸೆರಗು. ಅಳಿಸಿಬಿಡಲೇ ಎಂದು ನನ್ನ ಬೆರಳು ಗುಂಡಿಯವರೆಗೂ ಹೋಗಿತ್ತು. ಅಷ್ಟರಲ್ಲಿ ಅತ್ತೆಯೇ "ಕೊಡೇ ಇಲ್ಲಿ, ಎಲ್ಲರಿಗೂ ಕಾಣಲಿ" ಎಂದು ಕ್ಯಾಮೆರಾ ಕಸಿದುಕೊಂಡು, ಪರದೆಯತ್ತ ಕಣ್ಣೂ ಹಾಯಿಸದೆ ಮೇಷ್ಟ್ರ ಕೈಗಿತ್ತರು.

ಬಹುಮಾನದ ಬಾಳೆಗೊನೆ ತಂಗಮ್ಮನವರ ಜೀಪು ಹತ್ತಿತು. ಮನೆಯ ಗೇಟಿನ ಹತ್ತಿರ ಅತ್ತೆ "ಅಷ್ಟೊಂದು ಚೆಂದ ತೆಗೀಬೇಕಿತ್ತಾ?" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಕಾಫಿ ಬರುತ್ತದೆ, ಮಾತು ಬರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಓಡುವವರ ಕಾಲುಗಳು ಸ್ಪಷ್ಟವಾಗಿ ಮೂಡಿ, ಮನೆಯ ಹಿರಿಯರ ಕೈಗಳು ಮಾತ್ರ ಮಸುಕಾಗುವಂಥ ಒಂದು ಸೆಟ್ಟಿಂಗನ್ನು ಆದಷ್ಟು ಬೇಗ ಕರುಣಿಸಬೇಕು.

ತಮ್ಮನ್ನು ಮದುವೆಮನೆಗಷ್ಟೇ ಕರೆದೊಯ್ಯಲು ನಿರ್ಧರಿಸಿರುವ ವಿಶ್ವಾಸಿ,
ಸುಧಾ

ಮರೆತ ಮಾತು: ಇವತ್ತು ಬೆಳಿಗ್ಗೆ ಅತ್ತೆ ಕೊನೆಗೂ ಬಾಯಿಬಿಟ್ಟರು. "ಮುಂದಿನ ವರ್ಷ ನೀನು ಓಡು, ನಾನು ತೆಗೀತೀನಿ" ಎನ್ನುತ್ತ ಕ್ಯಾಮೆರಾ ಎತ್ತಿಕೊಂಡು ಅವರು ಕೇಳಿದ ಮೊದಲನೇ ಪ್ರಶ್ನೆಯೇ, ತಮ್ಮನ್ನು ಆಫ್ ಮಾಡುವುದು ಹೇಗೆ ಎಂಬುದು.