ಬಬಲೇಶ್ವರದ ಮೊಣಕಾಲುಗಳು ಮತ್ತು ನನ್ನ ಪಿಎಚ್.ಡಿ.

ಪಿಎಚ್.ಡಿ. ಪಡೆಯಲು ಏನೇನು ಮಾಡಬೇಕು ಎಂದು ವಿಶ್ವವಿದ್ಯಾಲಯದ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಅದರಲ್ಲಿ ಬರೆಯದೇ ಬಿಟ್ಟದ್ದೆಲ್ಲ ಮಾತ್ರ ತಪ್ಪದೇ ನನ್ನ ಪಾಲಿಗೇ ಬರುತ್ತಿತ್ತು.

ನಾನು ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ ಬಯೋಮೆಡಿಕಲ್ ಇಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದೆ. ಮೊಣಕಾಲಿಗೆ ಕಟ್ಟುವ ಸೆನ್ಸರ್ ಪಟ್ಟಿಯೊಂದನ್ನು ಮಾಡಿ, ನಡಿಗೆ ನೋಡಿಯೇ ನೋವು ಎಷ್ಟಿದೆ ಎಂದು ಹೇಳುವುದು ನನ್ನ ವಿಷಯ. ನನಗಿಂತ ಹೆಚ್ಚು ಹಟ ನಮ್ಮವ್ವನದು. "ನಮ್ಮ ಮನಿತನದಾಗ ಒಬ್ಬರರ ಸಾಲಿ ಕಡೀ ಮೆಟ್ಟಲಾ ಹತ್ತಬೇಕು. ನಾ ಕಣ್ಣಾರೆ ನೋಡಬೇಕು" ಅನ್ನುತ್ತಿದ್ದಳು.

ಕೋರ್ಸ್‌ವರ್ಕ್ ಪರೀಕ್ಷೆ

ಮೊದಲು ನಾನೇ ಪರೀಕ್ಷೆಗೆ ಕೂಡಬೇಕಿತ್ತು. ಹಾಲ್‌ನ ಬಾಗಿಲಲ್ಲಿ ಮೇಲ್ವಿಚಾರಕನಾಗಿ ನಿಂತವನು ನನ್ನ ಹಳೆಯ ವಿದ್ಯಾರ್ಥಿ. ಒಂದು ಕಾಲಕ್ಕೆ ಅವನ ಅಂಗಿತೋಳಿನಿಂದ ಚೀಟಿ ತೆಗೆಸಿದವಳು ನಾನು. ಪಾಪ, ಬಹಳ ವಿನಯದಿಂದ ಕೈಮುಗಿದ. "ಮೇಡಂ, ಮೊಬೈಲ್ ಹೊರಗ ಇಡ್ರಿ. ಆಜುಬಾಜು ನೋಡಬ್ಯಾಡ್ರಿ. ಉಳದದ್ದ ನಿಮಗ ಗೊತ್ತ ಐತಲ್ರಿ, ನೀವ ಕಲಿಸಿದ್ದು" ಅಂದ.

ಹೊರಬಂದಾಗ ಅವ್ವ ಬೇವಿನ ಗಿಡದ ಕೆಳಗೆ ನಿಂತೇ ಇದ್ದಳು. ಪಕ್ಕದಲ್ಲಿ ಕಲ್ಲಿನ ಕಟ್ಟೆ ಖಾಲಿ ಇತ್ತು.

"ಕೂಡಬಾರದೇನವ್ವಾ?"

"ನೀ ಒಳಗ ಕೂತು ಬರದಿ, ನಾ ಹೊರಗ ನಿಂತೆ. ಲೆಕ್ಕ ಸರಿ ಹೋತು" ಅಂದಳು.

ಒಪ್ಪಿಗೆ ಪತ್ರ

ಮನುಷ್ಯರ ಮೇಲೆ ಏನೇ ಪ್ರಯೋಗ ಮಾಡುವುದಿದ್ದರೂ ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು. ನೈತಿಕ ಸಮಿತಿಯವರು ಇದರಲ್ಲಿ ಬಲು ಕಟ್ಟುನಿಟ್ಟು. ತಿಕೋಟಾದಲ್ಲಿ ದ್ರಾಕ್ಷಿ ತೋಟದ ಯಜಮಾನರೊಬ್ಬರು ಪಟ್ಟಿ ಕಟ್ಟಿಸಿಕೊಳ್ಳಲು ಖುಷಿಯಿಂದ ಒಪ್ಪಿದರು. ನಾನು ಪತ್ರ ಓದಿ ಹೇಳಿದೆ. 'ನೀವು ಯಾವಾಗ ಬೇಕಾದರೂ, ಯಾವ ಕಾರಣವನ್ನೂ ಹೇಳದೆ, ಹಿಂದೆ ಸರಿಯಬಹುದು' ಎಂಬಲ್ಲಿಗೆ ಬಂದಾಗ ಯಜಮಾನರ ಮುಖ ಕೆಂಪಾಯಿತು.

"ಏನಂದಿ ತಂಗಿ? ಮಾತು ಕೊಟ್ಟು ಹಿಂದ ಸರಿಯೋ ಮಂದಿ ಅಂತ ತಿಳದೀಯೇನ ನಮ್ಮನ್ನ? ಆ ಸಾಲು ಹೊಡದ ಹಾಕು, ಸಹಿ ಮಾಡತೇನಿ."

ಹೊಡೆದುಹಾಕಿದರೆ ಸಮಿತಿ ಒಪ್ಪುವುದಿಲ್ಲ, ಬಿಟ್ಟರೆ ಇವರು ಒಪ್ಪುವುದಿಲ್ಲ. ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಅಷ್ಟರಲ್ಲಿ ಚಹಾ ತಂದ ಅವರ ಹೆಂಡತಿ ಕಪ್ಪು-ಬಸಿ ಕೆಳಗಿಟ್ಟು ಕೇಳಿದರು.

"ಕಾರಣಾ ಹೇಳದನ ಬಿಟ್ಟು ಹೋಗಬಹುದಾ? ಯವ್ವಾ, ನನ್ನ ಮದಿವ್ಯಾಗ ಇಂಥಾ ಕಾಗದಾ ಯಾರೂ ತೋರಸಲಿಲ್ಲಲ್ಲ! ತಾ ಇಲ್ಲೆ, ಮದಲ ನಾ ಸಹಿ ಮಾಡತೇನಿ."

ಹೆಂಡತಿಯ ಹಿಂದೆಯೇ ಯಜಮಾನರೂ ತೆಪ್ಪಗೆ ಸಹಿ ಮಾಡಿದರು.

ಊರಿನ ಮೊಣಕಾಲುಗಳು

ನೋವಿರುವವರನ್ನು ಹುಡುಕಿಕೊಂಡು ನಮ್ಮೂರು ಬಬಲೇಶ್ವರಕ್ಕೆ ಹೋದೆ. ಅಲ್ಲಿ ಮೊಣಕಾಲು ನೋವಿಗೇನು ಬರವೇ? ಅವ್ವನೇ ಮುಂದೆ ನಿಂತು ಓಣಿಯ ಹಿರಿಯರನ್ನೆಲ್ಲ ಕೂಡಿಸಿದಳು. ಪಟ್ಟಿ ಕಟ್ಟಿ ನಡೆಸಿ, ಮಾಹಿತಿ ತಂದು ಗೈಡ್ ಸರ್‌ಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. "ಏನ್ರಿ ಇದು, ನಿಮ್ಮೂರಾಗ ಒಬ್ಬರಿಗೂ ನೋವಿಲ್ಲಲ್ಲ!"

ಮತ್ತೆ ಹೋದಾಗ ಗುಟ್ಟು ಬಯಲಾಯಿತು. ಒಬ್ಬ ಅಜ್ಜಿ ಇನ್ನೊಬ್ಬಳ ಕಿವಿಯಲ್ಲಿ ಹೇಳುತ್ತಿದ್ದಳು. "ಹಲ್ಲ ಕಚ್ಚಿ ನೆಟ್ಟಗ ನಡಿ. ಹುಡುಗಿ ಪರೀಕ್ಷಾ ಐತಿ, ನಮ್ಮಿಂದ ನಪಾಸ್ ಆಗಬಾರದು."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನನಗೆ ಬೇಕಾದದ್ದೇ ನೋವಿನ ನಡಿಗೆ ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ತಗೋ, ಇಡೀ ಓಣಿ ಕುಂಟತೊಡಗಿತು. ಮುಂಜಾನೆ ಸೈಕಲ್ ಹೊಡೆದುಕೊಂಡು ಬಂದಿದ್ದ ಕಾಕಾನೂ ಕುಂಟಿದ. ಹತ್ತು ಹೆಜ್ಜೆ ಹೋಗಿ, ತಿರುಗಿ ನಿಂತು ಕೇಳಿದ.

"ತಂಗಿ, ಎಡಗಾಲು ಕುಂಟ್ಲೋ ಬಲಗಾಲೋ? ನಿನಗ ಯಾವದು ಬೇಕು ಹೇಳಿಬಿಡ."

ಕೊನೆಗೆ ದಾರಿ ತೋರಿಸಿದ್ದು ವಾರದ ಸಂತೆ. ಕಾಲಿಗೆ ಪಟ್ಟಿ ಕಟ್ಟಿ, ಕೈಗೆ ಚೀಲ ಕೊಟ್ಟು ಕಳಿಸಿದೆ. ಬದನೆಕಾಯಿಯ ಚೌಕಾಸಿಗೆ ಇಳಿದ ಮೇಲೆ ನಟನೆ ಯಾರಿಗೆ ನೆನಪಿರುತ್ತದೆ? ಖರೇ ನಡಿಗೆ ಸಿಕ್ಕಿತು. ಅವ್ವ ಮಾತ್ರ ಪಟ್ಟಿ ಕಟ್ಟಿಸಿಕೊಳ್ಳಲಿಲ್ಲ. "ನಂದು ಮನ್ಯಾಗ ಆಗೇತಲ್ಲ, ಛಲೋನೂ ಬಂದೈತಿ. ಮತ್ಯಾಕ?" ಅಂದಳು. ಹೌದು, ನೋವಿನ ನಡಿಗೆಯನ್ನು ಹೋಲಿಸಿ ನೋಡಲು ನೋವಿಲ್ಲದವರೂ ಬೇಕಿತ್ತು; ಆ ಆರೋಗ್ಯವಂತರ ಗುಂಪಿನಲ್ಲಿ ಎಲ್ಲರಿಗಿಂತ ಮೊದಲ ಮೊಣಕಾಲು ಅವಳದೇ ಆಗಿತ್ತು.

ಸಂಶೋಧನಾ ಲೇಖನ

ಲೇಖನ ಪ್ರಕಟವಾಗದೆ ಪದವಿ ಇಲ್ಲ. ಕಳಿಸಿದ ಪತ್ರಿಕೆಯವರೆಲ್ಲ 'ವಿಷಯ ಚೆನ್ನಾಗಿದೆ, ಆದರೆ ನಮಗೆ ಹೊಂದುವುದಿಲ್ಲ' ಎಂದು ಮರಳಿಸುತ್ತಿದ್ದರು. ನಾನು ಮುಖ ಸಣ್ಣದು ಮಾಡಿಕೊಂಡು ಕೂತರೆ ಅವ್ವ ಸಮಾಧಾನ ಹೇಳುತ್ತಿದ್ದಳು.

"ನಿನ್ನ ನೋಡಾಕ ಬಂದಾವ್ರೂ ಹಿಂಗ ಅಂದು ಹೋಗತಿದ್ರು, ಅವಲಕ್ಕಿ ತಿಂದು. ಇವರು ಅದೂ ತಿಂದಿಲ್ಲ. ಬ್ಯಾರೆ ಮನಿ ನೋಡೂನು."

ಕಡೆಗೂ ಒಬ್ಬರು ಒಪ್ಪಿದರು. ಪ್ರಕಟಣೆಗೆ ಶುಲ್ಕ ಕಟ್ಟಬೇಕೆಂದರು. ಅವ್ವ ಹಣೆ ಹಣೆ ಬಡಿದುಕೊಂಡಳು. "ಇಲ್ಲೂ ವರದಕ್ಷಿಣಿ ಬಿಡಲಿಲ್ಲಲ್ಲ!"

ಕೊನೆಯ ಮೌಖಿಕ ಪರೀಕ್ಷೆ

ಕೊನೆಯ ಪರೀಕ್ಷೆ ಬಹಿರಂಗ. ಯಾರು ಬೇಕಾದರೂ ಬಂದು ಕೇಳಬಹುದು ಎಂಬ ನಿಯಮದ ಬಗ್ಗೆ ನಾನು ಮನೆಯಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು. ಬಬಲೇಶ್ವರದ ಬಸ್ಸಿನಿಂದ ಓಣಿಗೆ ಓಣಿಯೇ ಇಳಿದು, ಶೇಂಗಾ ಉಂಡಿಯ ಡಬ್ಬಿ ಸಮೇತ ಮುಂದಿನ ಸಾಲು ಹಿಡಿಯಿತು. ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳಿ ನಾನು ಒಂದು ಗಳಿಗೆ ತಡವರಿಸಿದರೆ ಸಾಕು, ಮುಂದಿನ ಸಾಲಿನಿಂದ ದನಿ ಬರುತ್ತಿತ್ತು. "ಹೇಳ ಬೇ, ಅಂಜಬ್ಯಾಡ, ನಿನಗ ಗೊತ್ತೈತಿ!"

ಅವ್ವ ಹಿಂದೆ ಗೋಡೆ ಹತ್ತಿರ ನಿಂತಿದ್ದಳು. ಪರೀಕ್ಷಕರೇ ಎರಡು ಸಲ ಕೂಡಲು ಹೇಳಿದರು. "ಇರ್ಲಿ ಬಿಡ್ರಿ, ನಿಂತರ ನನಗ ಆರಾಮ" ಅಂದಳು.

ಕೊನೆಗೆ ಪರೀಕ್ಷಕರು ಎದ್ದು, ಪದವಿಗೆ ಶಿಫಾರಸು ಮಾಡುತ್ತೇವೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಹಿಂದಿನಿಂದ ಅವ್ವನ ದನಿ ಬಂತು.

"ಸಾಹೇಬ್ರ, ಪಾಸ್ ಆದ್ಲಲ್ರಿ? ಇನ್ನ ವಾಪಸ್ ತಗೊಳ್ಳಂಗಿಲ್ಲಲ್ರಿ?"

"ಇಲ್ಲಮ್ಮ, ಎಲ್ಲಾ ಮುಗೀತು."

"ಹಂಗಾರ ಯಾರರ ಬಂದು ನನ್ನ ಹಿಡ್ಕೋರಿ. ಮೊಣಕಾಲು ಜೀವಾ ತಿನ್ನಾಕತ್ತಾವ. ಕೂತರ ಏಳಾಕ ಬರಂಗಿಲ್ಲ, ಅದಕ್ಕ ನಿಂತೇನಿ."

ನಾನು ಓಡಿದೆ. "ಯಾವಾಗಿಂದ ಅವ್ವಾ?"

"ನೀ ಪಟ್ಟಿ ಮಾಡೂಕ್ಕಿಂತ ಮದಲಿಂದ. ಒಂದರ ಗಟ್ಟಿ ಮೊಣಕಾಲು ಬೇಕು ಅಂತ ನೀ ಅಳತಿದ್ದ್ಯಲ್ಲ. ಮತ್ತ ನಾ ಏನ ಮಾಡಲಿ?"

ನನಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿ ಬಂದವು. ಊರಿನವರ ನೋವನ್ನೆಲ್ಲ ಅಳೆದವಳಿಗೆ ಮನೆಯ ನೋವು ಕಂಡಿರಲಿಲ್ಲ. ಪರೀಕ್ಷಕರು ಮೆಲ್ಲಗೆ ಕೇಳಿದರು. "ಅಮ್ಮ ಯಾವ ಗುಂಪಿನಲ್ಲಿದ್ದರು?"

"ಆರೋಗ್ಯವಂತರ ಗುಂಪು, ಸರ್."

ಇಡೀ ಹಾಲ್ ನಕ್ಕಿತು. ಅವರೂ ನಗುತ್ತಾ ಪೆನ್ನು ತೆಗೆದರು. "ಸಣ್ಣ ತಿದ್ದುಪಡಿ ಒಂದಿದೆ. ಆ ಗುಂಪಿನಿಂದ ಒಬ್ಬರನ್ನು ಕೈಬಿಟ್ಟು ಲೆಕ್ಕ ಮತ್ತೆ ಮಾಡಿ ಕೊಡಿ."

ಅವ್ವ ನನ್ನ ಹೆಗಲಿಗೆ ಭಾರ ಬಿಟ್ಟು, ಗಾಬರಿಯಿಂದ ಅವರಿಗೆ ಕೈಮುಗಿದಳು.

"ನನ್ನ ತಗದ ಹಾಕ್ರಿ ಯಪ್ಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಆಕೀನ್ನ ಮತ್ತ ನಿಂದರಸಬ್ಯಾಡ್ರಿ. ಮುಂಜಾನಿಯಿಂದ ನಿಂತಾಳ, ಕಾಲು ನೋಯತಿರಬೇಕು."